ಸಿ ಶಿಫ್ಟ್, ಹಗಲು ನಿದ್ದೆ, ಏರುವ ಬಿಪಿ: ಪಾಳಿ ಕೆಲಸದವರು ಏನು ಮಾಡ್ತೀರಿ?

ಬಳ್ಳಾರಿ_ಫಿಟ್ಟರ್:
ಎಲ್ಲರಿಗೂ ನಮಸ್ಕಾರ. ರೋಲಿಂಗ್ ಮಿಲ್ಲಿನಲ್ಲಿ ಮೇಂಟೆನೆನ್ಸ್ ಫಿಟ್ಟರ್ ಆಗಿದ್ದೇನೆ. ವಯಸ್ಸು 41. ಎ ಶಿಫ್ಟ್ ಬೆಳಿಗ್ಗೆ 6ರಿಂದ 2, ಬಿ ಶಿಫ್ಟ್ 2ರಿಂದ ರಾತ್ರಿ 10, ಸಿ ಶಿಫ್ಟ್ 10ರಿಂದ ಬೆಳಿಗ್ಗೆ 6. ವಾರಕ್ಕೊಮ್ಮೆ ಬದಲಾಗುತ್ತೆ. ನಮ್ಮಲ್ಲಿ ಸಿ ಆದ ಮೇಲೆ ಬಿ, ಬಿ ಆದ ಮೇಲೆ ಎ, ಆಮೇಲೆ ಮತ್ತೆ ಸಿ.

ಹೋದ ತಿಂಗಳು ಕಂಪನಿಯ ಮೆಡಿಕಲ್ ಚೆಕಪ್‌ನಲ್ಲಿ ಬಿಪಿ 152/96 ಬಂತು. ಸಿ ಶಿಫ್ಟ್ ಮುಗಿಸಿ ಸೀದಾ ಹೋಗಿ ಸಾಲಿನಲ್ಲಿ ನಿಂತಿದ್ದೆ. ಡಾಕ್ಟರು "ಉಪ್ಪು ಕಮ್ಮಿ ಮಾಡಿ, ಚೆನ್ನಾಗಿ ನಿದ್ದೆ ಮಾಡಿ" ಅಂದವರೇ ಮುಂದಿನವರನ್ನು ಕರೆದರು. ಚೆನ್ನಾಗಿ ನಿದ್ದೆ ಮಾಡೋದು ಯಾವಾಗ ಅಂತ ಕೇಳುವಷ್ಟರಲ್ಲಿ ನನ್ನ ಫೈಲ್ ಮುಚ್ಚಿಯಾಗಿತ್ತು. ಆಮೇಲೆ ಹೊರಗೆ ತೋರಿಸಿದೆ. ಬಿಪಿ ಮಾತ್ರೆ ಬರೆದುಕೊಟ್ಟಿದ್ದಾರೆ, "ದಿನಾ ಬೆಳಿಗ್ಗೆ ಒಂದು" ಅಂತ.

ಬೀಡಿ, ಸಿಗರೇಟು ಇಲ್ಲ. ಚಹಾ ಜಾಸ್ತಿ. ಕೇಳಬೇಕಾದ್ದು ಎರಡು. ಶಿಫ್ಟ್ ಕೆಲಸವೇ ಹೃದಯಕ್ಕೆ ಕೆಟ್ಟದ್ದಾ, ಇಲ್ಲ ಶಿಫ್ಟ್‌ನಲ್ಲಿ ನಾವು ತಿನ್ನೋ ಮಿರ್ಚಿ-ಮಂಡಕ್ಕಿ ಕೆಟ್ಟದ್ದಾ? ಮತ್ತೆ, ಸಿ ಶಿಫ್ಟ್ ವಾರದಲ್ಲಿ ನನಗೆ "ಬೆಳಿಗ್ಗೆ" ಅಂದರೆ ಯಾವುದು?

ಭದ್ರಾವತಿ_ಹಳಬ:
ಸುಮ್ನೆ ತಲೆ ಕೆಡಿಸ್ಕೋಬೇಡಿ ಸಾರ್. ನಮ್ಮಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಸೇರಿದ ದಿನದಿಂದ ರಿಟೈರ್ ಆಗೋ ತನಕ ಮೂರೂ ಪಾಳಿ ಮಾಡಿದವರು. ಈಗ 80 ದಾಟಿದೆ. ಬೆಳಿಗ್ಗೆ ವಾಕಿಂಗ್, ಮಧ್ಯಾಹ್ನ ಮುದ್ದೆ, ಸಂಜೆ ಪೇಪರ್. ಒಂದು ಮಾತ್ರೆ ಇಲ್ಲ. ಆಗ ಸೈರನ್ ಕೂಗಿದರೆ ಊರಿಗೆ ಊರೇ ಎದ್ದು ಹೊರಡುತ್ತಿತ್ತು. ಯಾರೂ ಇಷ್ಟು ಯೋಚನೆ ಮಾಡುತ್ತಿರಲಿಲ್ಲ.

ಪೀಣ್ಯ_ಸಿಎನ್‌ಸಿ:
ನಾನೂ ಇದೇ ದೋಣಿಯಲ್ಲಿದ್ದೇನೆ, ಉತ್ತರ ಕಾಯ್ತಿದ್ದೇನೆ. ನಮ್ಮದು 12 ಗಂಟೆ, ಡೇ ಒಂದು ವಾರ, ನೈಟ್ ಒಂದು ವಾರ.

ತಾಲೂಕು_ಡಾಕ್ಟ್ರು:
ಫಿಟ್ಟರ್ ಅವರೇ, ಮೊದಲನೇ ಪ್ರಶ್ನೆಗೆ ಉತ್ತರ: ಎರಡೂ. ಆದರೆ ಮಿರ್ಚಿ ಬಿಟ್ಟರೂ ಶಿಫ್ಟಿನ ಪಾಲು ಪೂರ್ತಿ ಹೋಗಲ್ಲ.

ಮಿದುಳಿನಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟಿ ಹೋಗುವ ಜಾಗದ ಸ್ವಲ್ಪ ಮೇಲೆ, ಸುಮಾರು 20 ಸಾವಿರ ನರಕೋಶಗಳ ಒಂದು ಗುಂಪಿದೆ. ದೇಹದ ಗಡಿಯಾರ ಅದೇ. ಕಣ್ಣಿಗೆ ಬೀಳುವ ಬೆಳಕು ನೋಡಿ ಅದು ಟೈಮ್ ಸರಿ ಮಾಡಿಕೊಳ್ಳುತ್ತದೆ. ಹೃದಯ, ಲಿವರ್, ಮೇದೋಜೀರಕ ಗ್ರಂಥಿಗೂ ಸ್ವಂತ ಗಡಿಯಾರಗಳಿವೆ. ಅವು ಊಟದ ಹೊತ್ತನ್ನೂ ನೋಡುತ್ತವೆ. ಜೀವಕೋಶದೊಳಗೆ ಈ ಗಡಿಯಾರ ಹೇಗೆ ನಡೆಯುತ್ತದೆ ಅಂತ ಕಂಡುಹಿಡಿದ ಮೂವರು ಅಮೆರಿಕನ್ನರಿಗೆ 2017ರಲ್ಲಿ ನೊಬೆಲ್ ಬಂತು. ನೀವು ರಾತ್ರಿ 3ಕ್ಕೆ ಉಂಡಾಗ ಲಿವರ್ "ಹಗಲಾಯ್ತು" ಅನ್ನುತ್ತೆ, ಮಿದುಳು "ಇಲ್ಲ, ನಡುರಾತ್ರಿ" ಅನ್ನುತ್ತೆ. ಜಗಳ ಶುರುವಾಗೋದೇ ಅಲ್ಲಿ.

ಇನ್ನು ಬಿಪಿ. ರಾತ್ರಿ ಮಲಗಿದಾಗ ಅದು ಶೇ 10ರಿಂದ 20ರಷ್ಟು ಇಳಿಯಬೇಕು. ರಕ್ತನಾಳಗಳಿಗೆ ವಿಶ್ರಾಂತಿ ಸಿಗೋದು ಆಗಲೇ. ಹಗಲು ಮಲಗುವವರಲ್ಲಿ, ಅದೂ ತುಂಡು ತುಂಡು ನಿದ್ದೆಯಾದರೆ, ಎಷ್ಟೋ ಸಲ ಇಷ್ಟು ಇಳಿಯಲ್ಲ.

2009ರಲ್ಲಿ ಬಾಸ್ಟನ್ನಿನಲ್ಲಿ 10 ಜನ ಆರೋಗ್ಯವಂತರನ್ನು ಪ್ರಯೋಗಶಾಲೆಯಲ್ಲಿಟ್ಟು, ದಿನಕ್ಕೆ 28 ಗಂಟೆ ಅನ್ನುವ ಲೆಕ್ಕದಲ್ಲಿ ಊಟ-ನಿದ್ದೆ ಮಾಡಿಸಿದರು. ಊಟ ನಿದ್ದೆ ಎರಡೂ ಪೂರ್ತಿ ತಿರುಗುಮುರುಗಾದ ದಿನಗಳಲ್ಲಿ ಸಕ್ಕರೆ ಏರಿತು, ಇನ್ಸುಲಿನ್ ಶೇ 22ರಷ್ಟು ಜಾಸ್ತಿ ಬೇಕಾಯಿತು, ಸರಾಸರಿ ಬಿಪಿ ಶೇ 3ರಷ್ಟು ಮೇಲೆ ಹೋಯಿತು. ಅಲ್ಲಿ ಬೋಂಡಾ ಇರಲಿಲ್ಲ, ಸೂಪರ್‌ವೈಸರ್ ಕಾಟ ಇರಲಿಲ್ಲ. ಬರೀ ಹೊತ್ತು ಬದಲಾದದ್ದಕ್ಕೇ ಇಷ್ಟು.

ಮಾತ್ರೆ ವಿಷಯ ಬರೆಯುತ್ತೇನೆ, ಓಪಿಡಿ ಮುಗಿಸಿ.

ತಾಲೂಕು_ಡಾಕ್ಟ್ರು:
ಭದ್ರಾವತಿಯವರಿಗೆ: ನಿಮ್ಮ ತಂದೆಯವರು ನೂರು ವರ್ಷ ಬಾಳಲಿ. ನಿಮ್ಮೂರಲ್ಲಿ ಪೇಪರ್ ಮಿಲ್ಲೂ ಇತ್ತಲ್ವಾ? ಈ ವಿಷಯದಲ್ಲಿ ಎಲ್ಲರೂ ಹೇಳುವ ಹಳೆಯ ಅಧ್ಯಯನ ನಡೆದದ್ದೂ ಪೇಪರ್ ಮಿಲ್ಲಿನಲ್ಲೇ, ಸ್ವೀಡನ್ ದೇಶದಲ್ಲಿ. 504 ಕಾರ್ಮಿಕರನ್ನು 15 ವರ್ಷ ಗಮನಿಸಿ 1986ರಲ್ಲಿ ಪ್ರಕಟಿಸಿದರು. ಶಿಫ್ಟ್ ಮಾಡಿದ ವರ್ಷ ಹೆಚ್ಚಿದಂತೆ ಹೃದಯದ ಕಾಯಿಲೆಯೂ ಹೆಚ್ಚುತ್ತಾ ಹೋಗಿತ್ತು. 11ರಿಂದ 20 ವರ್ಷ ಮಾಡಿದವರಲ್ಲಿ ಎರಡು ಪಟ್ಟಿಗೂ ಜಾಸ್ತಿ. ತಮಾಷೆ ಏನೆಂದರೆ, 20 ವರ್ಷ ದಾಟಿದವರಲ್ಲಿ ಮತ್ತೆ ಕೆಳಗಿಳಿದಿತ್ತು!

20 ವರ್ಷ ಆದ ಮೇಲೆ ಶಿಫ್ಟ್ ಒಳ್ಳೆಯದು ಅಂತ ಅರ್ಥ ಅಲ್ಲ. ಮೈಗೆ ಒಗ್ಗದವರು ಅಷ್ಟರಲ್ಲಿ ಜನರಲ್ ಶಿಫ್ಟಿಗೆ ಹೋಗಿರುತ್ತಾರೆ, ಕೆಲಸ ಬಿಟ್ಟಿರುತ್ತಾರೆ, ಇಲ್ಲವೇ ಹಾಸಿಗೆ ಹಿಡಿದಿರುತ್ತಾರೆ. ಉಳಿದವರು ಗಟ್ಟಿಗರು. ನಿಮ್ಮ ತಂದೆ ಆ ಗುಂಪಿನವರು.

ವಾರ್ಡ್_ಸಿಸ್ಟರ್:
ಡಾಕ್ಟ್ರೇ, ನರ್ಸುಗಳ ಮೇಲೆ ಮಾಡಿದ ದೊಡ್ಡ ಅಧ್ಯಯನವನ್ನೂ ಹೇಳಿ. ನಮ್ಮನ್ನು ಯಾರಾದರೂ ಎಣಿಸಿದ್ದಾರೆ ಅನ್ನೋದೇ ಒಂದು ಸಮಾಧಾನ.

ನನ್ನದು ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆ. ನೈಟ್ ರಾತ್ರಿ 8ರಿಂದ ಬೆಳಿಗ್ಗೆ 8. ಹ್ಯಾಂಡೋವರ್ ಕೊಟ್ಟು ಹೊರಡುವಾಗ 8.40. ಮನೆಗೆ ಬಂದರೆ ಮಗಳ ಡಬ್ಬಿ ಆಗಿರಲ್ಲ, ಅತ್ತೆಗೆ ಸ್ನಾನಕ್ಕೆ ನೀರು ಕಾದಿರಲ್ಲ. ಮಲಗೋ ಹೊತ್ತಿಗೆ 11. ಹನ್ನೊಂದೂವರೆಗೆ ಗ್ಯಾಸ್ ಸಿಲಿಂಡರ್. ಹನ್ನೆರಡೂಕಾಲಿಗೆ ಎದುರು ಮನೆ ಮಿಕ್ಸಿ. ಎರಡಕ್ಕೆ ಸಂಘದವರು ಕಂತು ಕೇಳಲು ಬರುತ್ತಾರೆ, ಅವರಿಗೆ ಗೊತ್ತು ನಾನು ಹಗಲು ಮನೆಯಲ್ಲೇ ಇರ್ತೀನಿ ಅಂತ. ಮೂರಕ್ಕೆ ಮಗಳು ಸ್ಕೂಲಿಂದ. ನಮ್ಮವರು ಒಳ್ಳೆಯವರೇ, ಆದರೆ "ಹಗಲೆಲ್ಲಾ ಮನೇಲೇ ಇದ್ದೆಯಲ್ಲ" ಅನ್ನೋ ಮಾತು ಬಾಯಿಗೆ ಬಂದೇ ಬರುತ್ತೆ.

ಗಂಡಸರು ನೈಟ್ ಮುಗಿಸಿ ಬಂದರೆ ಮನೆ ಮಂದಿಯೆಲ್ಲ ಪಿಸುಮಾತಿನಲ್ಲಿ ಮಾತಾಡುತ್ತಾರೆ. ಹೆಂಗಸರು ನೈಟ್ ಮುಗಿಸಿ ಬಂದರೆ ಅಡುಗೆಮನೆ ಕಾಯ್ತಾ ಇರುತ್ತೆ. ಇದನ್ನು ಯಾವ ಅಧ್ಯಯನದಲ್ಲಿ ಬರೆಯುತ್ತಾರೋ ಗೊತ್ತಿಲ್ಲ.

ಮೈಸೂರು_ಮಲ್ಲಿ:
ಸಿಸ್ಟರ್ 🙏 ನಿಮ್ಮ ಕೊನೆಯ ಪ್ಯಾರಾ ನಮ್ಮ ಮನೆ ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಗ್ರೂಪ್ ಆಗಿನಿಂದ ಶಾಂತವಾಗಿದೆ.

ತಾಲೂಕು_ಡಾಕ್ಟ್ರು:
ಸಿಸ್ಟರ್ ಹೇಳಿದ ಅಧ್ಯಯನ 2016ರದ್ದು. ಅಮೆರಿಕದ ಸುಮಾರು 1,89,000 ನರ್ಸುಗಳನ್ನು 24 ವರ್ಷ ಗಮನಿಸಿದ್ದರು. ತಿಂಗಳಿಗೆ ಮೂರು ಅಥವಾ ಹೆಚ್ಚು ರಾತ್ರಿ, ಜೊತೆಗೆ ಹಗಲು-ಸಂಜೆ ಪಾಳಿ, ಹೀಗೆ ಹತ್ತು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಮಾಡಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಶೇ 15ರಿಂದ 18ರಷ್ಟು ಜಾಸ್ತಿ ಇತ್ತು. ನೂರರಲ್ಲಿ ಹದಿನೆಂಟು ಜನಕ್ಕೆ ಹಾರ್ಟ್ ಅಟ್ಯಾಕ್ ಆಯ್ತು ಅಂತ ಓದಬೇಡಿ. ಶಿಫ್ಟ್ ಇಲ್ಲದ ನರ್ಸುಗಳಲ್ಲಿ ನೂರು ಜನಕ್ಕೆ ಬರುವ ಕಡೆ ಇವರಲ್ಲಿ 115ರಿಂದ 118 ಜನಕ್ಕೆ ಬಂತು ಅಂತ ಲೆಕ್ಕ. ಅದರಲ್ಲೇ ಒಂದು ಒಳ್ಳೆಯ ಸುದ್ದಿಯೂ ಇದೆ. ರಾತ್ರಿ ಪಾಳಿ ಬಿಟ್ಟು ವರ್ಷ ಕಳೆದಂತೆ ಅಪಾಯ ಇಳಿಯುತ್ತಾ ಬಂದಿತ್ತು.

2012ರಲ್ಲಿ 34 ಅಧ್ಯಯನಗಳ 20 ಲಕ್ಷ ಜನರ ಲೆಕ್ಕ ಒಟ್ಟುಗೂಡಿಸಿದಾಗ ಶಿಫ್ಟ್ ಮಾಡುವವರಲ್ಲಿ ಹಾರ್ಟ್ ಅಟ್ಯಾಕ್ ಶೇ 23ರಷ್ಟು ಜಾಸ್ತಿ ಕಂಡಿತ್ತು. ಇವೆಲ್ಲ ಹೆಚ್ಚಾಗಿ ಹೊರದೇಶದ ಲೆಕ್ಕಗಳು. ನಮ್ಮ ಜನಕ್ಕೆ ಬೇರೆಯದೇ ತೊಂದರೆ ಇದೆ: ಮೊದಲ ಹಾರ್ಟ್ ಅಟ್ಯಾಕ್ ನಮಗೆ ಬೇಗ ಬರುತ್ತದೆ. 52 ದೇಶಗಳಲ್ಲಿ ನಡೆದ, 2004ರಲ್ಲಿ ಹೊರಬಂದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ 53ರ ಆಸುಪಾಸಿನಲ್ಲಿ, ಉಳಿದವರಿಗೆ 59ರ ಹತ್ತಿರ. ಹಾಗಾಗಿ 41ಕ್ಕೆ ಬಿಪಿ ಬಂದರೆ "ಇನ್ನೂ ಚಿಕ್ಕ ವಯಸ್ಸು" ಅಂತ ನಾನು ಬಿಡಲ್ಲ.

ಹೊಸೂರ್_ರೋಡ್_ಕ್ಯಾಬ್:
ಗುರು, ನಮ್ಮ ಕಥೆ ಬೇರೆ. ಅಮೆರಿಕದ ಕ್ಲೈಂಟ್, ಪರ್ಮನೆಂಟ್ ನೈಟ್. ಸಂಜೆ 6.30ರಿಂದ ಬೆಳಗಿನ 3.30. ಶಿಫ್ಟ್ ಬದಲಾಗಲ್ಲ. ಹಾಗಾದರೆ ಮೈ ಒಗ್ಗಿಕೊಳ್ಳಬೇಕಲ್ವಾ? ಶುಕ್ರವಾರ ರಾತ್ರಿ ಶಿಫ್ಟ್ ಮುಗಿದರೆ ನಾವು ನಾಲ್ಕು ಜನ ಅದೇ ಕ್ಯಾಬ್‌ನಲ್ಲಿ ಹೊಸಕೋಟೆಗೆ ಬಿರಿಯಾನಿಗೆ ಹೋಗ್ತೀವಿ. ನಾಲ್ಕು ಗಂಟೆಗೇ ಕ್ಯೂ ಇರುತ್ತೆ, ಬಿಸಿ ಬಿಸಿ ದಮ್ ಬಿರಿಯಾನಿ. ತಿಂದು ಬಂದು ಮಲಗಿದರೆ ಮಧ್ಯಾಹ್ನ ಎದೆ ಉರಿಯಲ್ಲಿ ಎಚ್ಚರ. ಶನಿವಾರ ಭಾನುವಾರ ಮನೆಯವರ ಜೊತೆ ಹಗಲು ಎದ್ದಿರ್ತೀನಿ. ಸೋಮವಾರ ಮತ್ತೆ ನೈಟ್.

ವಾರ್ಡ್_ಸಿಸ್ಟರ್:
ಅಲ್ಲೇ ಇದೆಯಲ್ಲಪ್ಪಾ ಉತ್ತರ. ಶಿಫ್ಟ್ ಬದಲಾಗಲ್ಲ ಅಂತೀಯ, ವಾರಕ್ಕೆರಡು ದಿನ ನೀನೇ ಬದಲಾಯಿಸ್ತೀಯ.

ಹೊಸೂರ್_ರೋಡ್_ಕ್ಯಾಬ್:
ಅಕ್ಕ 😅 ವೀಕೆಂಡೂ ಬೇಡ ಅಂದರೆ ಮದುವೆ ಯಾಕೆ ಆಗಬೇಕಿತ್ತು?

ತಾಲೂಕು_ಡಾಕ್ಟ್ರು:
ಪರ್ಮನೆಂಟ್ ನೈಟ್ ಮಾಡುವವರಲ್ಲೂ ದೇಹದ ಗಡಿಯಾರ ಪೂರ್ತಿ ತಿರುಗೋದು ತೀರಾ ಕಡಿಮೆ ಜನಕ್ಕೆ. ಮನೆಗೆ ಹೋಗುವಾಗ ಬಿಸಿಲು ಕಣ್ಣಿಗೆ ಬೀಳುತ್ತೆ, ರಜೆ ದಿನ ಎಲ್ಲರ ಜೊತೆ ಹಗಲಲ್ಲಿ ಇರಬೇಕಾಗುತ್ತೆ. ಹಾಗಂತ ಹೆಂಡತಿ ಮಕ್ಕಳನ್ನು ಬಿಡಿ ಅಂತ ಯಾರು ಹೇಳ್ತಾರೆ? ನಿಮ್ಮದು 3.30ಕ್ಕೆ ಮುಗಿಯುತ್ತೆ, ಅದು ಭಾಗ್ಯ. ಕೆಲಸದ ದಿನ ಬೆಳಗಿನ 4.30ರಿಂದ ಮಧ್ಯಾಹ್ನ 12 ಮಲಗಿ. ರಜೆ ದಿನ ರಾತ್ರಿ 2ಕ್ಕೆ ಮಲಗಿ 9.30ಕ್ಕೆ ಏಳಿ. ಹೀಗೆ ಮಾಡಿದರೆ ಬೆಳಗಿನ 4.30ರಿಂದ 9.30 ವಾರದ ಏಳೂ ದಿನ ನಿದ್ದೆಯ ಹೊತ್ತೇ ಆಗಿರುತ್ತದೆ. ಗಡಿಯಾರಕ್ಕೆ ಅಷ್ಟು ಆಸರೆ ಸಿಕ್ಕಿದರೂ ಲಾಭ.

ಊಟದ ಬಗ್ಗೆ. ಬಾಸ್ಟನ್ನಿನ ಅದೇ ತಂಡ 2021ರಲ್ಲಿ 19 ಜನಕ್ಕೆ ಪ್ರಯೋಗಶಾಲೆಯಲ್ಲಿ ನೈಟ್ ಶಿಫ್ಟ್ ಮಾಡಿಸಿತು. ಒಂದು ಗುಂಪು ರಾತ್ರಿಯೂ ಉಂಡಿತು, ಇನ್ನೊಂದು ಹಗಲು ಮಾತ್ರ. ರಾತ್ರಿ ಉಂಡವರ ಸಕ್ಕರೆ ಶೇ 6.4ರಷ್ಟು ಏರಿತು. ಹಗಲು ಮಾತ್ರ ಉಂಡವರಲ್ಲಿ ಹೇಳಿಕೊಳ್ಳುವಂಥ ಏರಿಕೆ ಇರಲಿಲ್ಲ, ನಿದ್ದೆ ಇಬ್ಬರದ್ದೂ ಅಷ್ಟೇ ಕೆಟ್ಟಿದ್ದರೂ! ಆಮೇಲೆ ಹೃದಯದ ಲೆಕ್ಕಗಳನ್ನೂ ನೋಡಿ 2025ರಲ್ಲಿ ಪ್ರಕಟಿಸಿದರು. ಅಲ್ಲೂ ಹದಗೆಟ್ಟದ್ದು ರಾತ್ರಿ ಉಂಡವರದ್ದು. ಸಣ್ಣ ಅಧ್ಯಯನ ನಿಜ. ಆದರೆ ನಿದ್ದೆಯ ಹೊತ್ತು ನಮ್ಮ ಕೈಯಲ್ಲಿಲ್ಲ, ಊಟದ ಹೊತ್ತು ಸ್ವಲ್ಪವಾದರೂ ಇದೆಯಲ್ಲ, ಅದಕ್ಕೇ ನನಗೆ ಇದು ಮುಖ್ಯ ಅನಿಸಿತು.

ಶಕ್ತಿನಗರ_ಅಕ್ಕ:
ಡಾಕ್ಟರ್ ಸರ್, ಹೇಳೋದು ಸುಲಭ ರೀ. ನಮ್ಮನೆಯವರು ವಿದ್ಯುತ್ ಸ್ಥಾವರದಲ್ಲಿ ಶಿಫ್ಟ್. ರಾತ್ರಿ ಎರಡಕ್ಕೆ ಹೊಟ್ಟೆ ಕರಕರ ಅಂದರೆ ಏನು ಮಾಡಬೇಕು? ಕ್ಯಾಂಟೀನಿನಲ್ಲಿ ಇರೋದು ಬನ್ನು, ಬಜ್ಜಿ, ಚಹಾ.

ನಾನು ಈಗ ಮಾಡ್ತಾ ಇರೋದು ಹೇಳ್ತೀನಿ. ರಾತ್ರಿ 8.30ಕ್ಕೇ ಪೂರ್ತಿ ಊಟ ಹಾಕಿ ಕಳಿಸ್ತೀನಿ, ಜೋಳದ ರೊಟ್ಟಿ, ಕಾಳು ಪಲ್ಯ, ಸೊಪ್ಪು, ಆಮೇಲೆ ಮಜ್ಜಿಗೆ ಅನ್ನ ಸ್ವಲ್ಪ. ಬುತ್ತಿಯಲ್ಲಿ ಒಂದು ಮುಷ್ಟಿ ಹುರಿದ ಶೇಂಗಾ ಇಲ್ಲ ಪುಟಾಣಿ, ಒಂದು ಪೇರಲೆ, ಬಾಟಲಿ ಮಜ್ಜಿಗೆ. ಮೊದಲು "ಇದೇನ್ ಹಕ್ಕಿಗೆ ಹಾಕೋ ಕಾಳೇನು" ಅಂತಿದ್ದರು. ಈಗ ಮರೆತರೆ ಕೇಳ್ತಾರೆ. ಬೆಳಿಗ್ಗೆ ಬಂದ ಮೇಲೆ ಎರಡು ಇಡ್ಲಿ ಅಷ್ಟೇ, ಮಲಗೋದು. ಎದ್ದ ಮೇಲೆ ಊಟ.

ಮಲಗೋ ಕೋಣೆ ಕಿಟಕಿಗೆ ಹಳೆ ಕಪ್ಪು ಕಂಬಳಿ ಮೊಳೆ ಹೊಡೆದಿದೀನಿ. ಬೇಸಿಗೆಗೆ ನಮ್ಮ ರಾಯಚೂರು ಬಿಸಿಲಿನಲ್ಲಿ ಆ ಕೋಣೆ ಭಟ್ಟಿ ಆಗುತ್ತೆ, ಅದಕ್ಕೇ ಕೂಲರ್ ತಗೊಂಡೆವು. ಕೂಲರ್ ಗುಂಯ್‌ಗುಡೋದು ಒಂದು ರೀತಿ ಒಳ್ಳೇದೇ ಆಯ್ತು, ಹೊರಗಿನ ಗದ್ದಲ ಕೇಳಲ್ಲ. ಬಾಗಿಲ ಕರೆಗಂಟೆಯ ವೈರ್ ಕಿತ್ತಿಟ್ಟೀನಿ. ಸಿಸ್ಟರ್, ನೀವೂ ಕೀಳಿ.

ವಾರ್ಡ್_ಸಿಸ್ಟರ್:
ಅಕ್ಕಾ, ನಿಮ್ಮಂಥವರು ಒಬ್ಬರು ನಮ್ಮನೆಗೂ ಬೇಕಿತ್ತು.

ತಾಲೂಕು_ಡಾಕ್ಟ್ರು:
ಅಕ್ಕ ಹೇಳಿದ್ದಕ್ಕೆ ನಾನು ಸೇರಿಸೋದು ಏನೂ ಇಲ್ಲ, ಒಂದು ಎಚ್ಚರಿಕೆ ಬಿಟ್ಟು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ಜೋರಾಗಿ ಇಳಿಸುವ ಮಾತ್ರೆ ತಗೊಳ್ಳುವವರು ರಾತ್ರಿ ಊಟ ತಾವಾಗಿಯೇ ನಿಲ್ಲಿಸಬೇಡಿ. ಮೆಷಿನ್ ಮುಂದೆ ಸಕ್ಕರೆ ಇಳಿದು ಬೆವರಿ ಬಿದ್ದವರನ್ನು ನೋಡಿದ್ದೇನೆ. ಔಷಧಿ ಕೊಟ್ಟವರಿಗೆ ನಿಮ್ಮ ಶಿಫ್ಟ್ ಚಾರ್ಟ್ ತೋರಿಸಿ, ಹೊತ್ತು ಬರೆಸಿಕೊಳ್ಳಿ.

ರಾತ್ರಿ_ಬಸ್ಸು:
ಹುಬ್ಬಳ್ಳಿ-ಬೆಂಗಳೂರು ಸ್ಲೀಪರ್ ಓಡಿಸ್ತೇನ್ರಿ, ಖಾಸಗಿ. ಹೃದಯದ ಮಾತು ಆಮೇಲೆ, ಮೊದಲು ನಿದ್ದೆ ಮಾತು. ಚಿತ್ರದುರ್ಗ ದಾಟಿ, ಹಿರಿಯೂರು ದಾಟಿ, ಬೆಳಗಿನ ಮೂರೂವರೆ ನಾಲ್ಕು ಅಂದ್ರ ಕಣ್ಣು ತೆರೆದೇ ಇರ್ತಾವ, ಆದ್ರ ಒಳಗ ಯಾರೂ ಇರಂಗಿಲ್ಲ. ಹಿಂದಿನ ಒಂದು ಕಿಲೋಮೀಟರ್ ಹೆಂಗ್ ಬಂತು ಅಂತ ನೆನಪೇ ಇರಂಗಿಲ್ಲ. ಚಹಾ, ಗುಟ್ಕಾ, ಹಾಡು, ಕಿಟಕಿ ತೆಗೆಯೋದು, ಎಲ್ಲಾ ಹತ್ತು ನಿಮಿಷದ ಆಟ. ಇಬ್ಬರು ಡ್ರೈವರ್ ಇರಬೇಕು. ಎರಡನೇಯವನಿಗೆ ಮಲಗಾಕ ಸೀಟಿಲ್ಲ, ಡಿಕ್ಕಿ ಬಾಜು ಇರೋ ಗೂಡಿನಾಗ ಮಲಗ್ತಾನ. ಅದನ್ನ ನಿದ್ದಿ ಅಂತ ಕರೀಬೇಕೇನ್ರಿ?

ತಾಲೂಕು_ಡಾಕ್ಟ್ರು:
ಅಣ್ಣಾ, ನೀವು ಹೇಳಿದ ಮೂರೂವರೆ-ನಾಲ್ಕು ಗಂಟೆ ಸುಮ್ಮನೆ ಬಂದದ್ದಲ್ಲ. ಮೈಯ ಬಿಸಿ ತೀರಾ ಕೆಳಗಿಳಿಯುವ ಹೊತ್ತು ಅದು, ಎಚ್ಚರವೂ ಆಗಲೇ ಕಮ್ಮಿ. 1997ರಲ್ಲಿ ಆಸ್ಟ್ರೇಲಿಯಾದವರು ಅಳೆದು ತೋರಿಸಿದ್ದರು: 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.05 ಆಲ್ಕೋಹಾಲ್ ಇದ್ದವರಷ್ಟೇ ಇತ್ತು. ನಮ್ಮ ದೇಶದ ಡ್ರೈವಿಂಗ್ ಮಿತಿ ಶೇ 0.03. ಒಂದು ತೊಟ್ಟೂ ಕುಡಿಯದೆ ಮಿತಿ ದಾಟಿದ ಹಾಗೆ.

ಮಾಡಬಹುದಾದ್ದು: ಹೊರಡುವ ಮುಂಚೆ ಸಂಜೆ ಒಂದೂವರೆ ಗಂಟೆ ನಿದ್ದೆ. ದಾರಿಯಲ್ಲಿ ಕಣ್ಣೆಳೆದರೆ ಗಾಡಿ ಪಕ್ಕಕ್ಕೆ ಹಾಕಿ, ಒಂದು ಸ್ಟ್ರಾಂಗ್ ಕಾಫಿ ಕುಡಿದು, ತಕ್ಷಣ 20 ನಿಮಿಷ ಮಲಗಿ. ಕಾಫಿ ತಲೆಗೇರಲು ಅಷ್ಟು ಹೊತ್ತು ಬೇಕು, ಏಳುವಾಗ ಎರಡೂ ಕೆಲಸ ಮಾಡಿರುತ್ತವೆ. ಆದರೆ ಬೆಳಿಗ್ಗೆ ಮಲಗುವವರು ಕೊನೆಯ ಐದಾರು ಗಂಟೆ ಚಹಾ-ಕಾಫಿ ಬಿಡಬೇಕು. ಕುಡಿದದ್ದರಲ್ಲಿ ಅರ್ಧ ಕೆಫೀನ್ ಐದು ಗಂಟೆಯ ನಂತರವೂ ರಕ್ತದಲ್ಲಿ ಉಳಿದಿರುತ್ತದೆ.

ಬಳ್ಳಾರಿ_ಫಿಟ್ಟರ್:
ನಾನು ಸಿ ಶಿಫ್ಟ್‌ನಲ್ಲಿ ಕೊನೆ ಚಹಾ ಕುಡಿಯೋದು 5.15ಕ್ಕೆ. ಬಸ್ ಹತ್ತೋ ಮುಂಚೆ ಗೇಟ್ ಹತ್ತಿರ ಇನ್ನೊಂದು. ಅರ್ಥ ಆಯ್ತು ಡಾಕ್ಟ್ರೇ.

ಯೂನಿಯನ್_ಕಾಮ್ರೇಡ್:
ಎಲ್ಲರೂ ಪರದೆ, ಮಜ್ಜಿಗೆ, ಚಹಾ ಅಂತ ಮಾತಾಡ್ತಿದ್ದೀರಿ. ತಪ್ಪಲ್ಲ. ಆದರೆ ರೋಸ್ಟರ್ ಕೆಟ್ಟದಾಗಿದ್ದರೆ ಕಾರ್ಮಿಕ ಮನೆಯಲ್ಲಿ ಕಂಬಳಿ ಹೊಡೆದು ಏನು ಪ್ರಯೋಜನ? ಫಿಟ್ಟರ್ ಅಣ್ಣ ಹೇಳಿದ ಸಿ-ಬಿ-ಎ ನೋಡಿ. ಪ್ರತಿ ವಾರ ಎಂಟು ಗಂಟೆ ಹಿಂದಕ್ಕೆ. ಮನುಷ್ಯನ ಒಳಗಿನ ಗಡಿಯಾರ 24 ಗಂಟೆಗಿಂತ ಸ್ವಲ್ಪ ಉದ್ದ. ಅದಕ್ಕೇ ತಡವಾಗಿ ಮಲಗೋದು ಸುಲಭ, ಬೇಗ ಮಲಗೋದು ಕಷ್ಟ. ಪಾಳಿ ಮುಂದಕ್ಕೆ ತಿರುಗಬೇಕು: ಎ, ಬಿ, ಸಿ.

1982ರಲ್ಲೇ ಇದರ ಅಧ್ಯಯನ ಬಂದಿದೆ. ಅಮೆರಿಕದ ಯೂಟಾ ರಾಜ್ಯದ ಖನಿಜ ಕಾರ್ಖಾನೆಯೊಂದರಲ್ಲಿ ಹಿಂದಕ್ಕೆ ತಿರುಗುತ್ತಿದ್ದ ಪಾಳಿಯನ್ನು ಮುಂದಕ್ಕೆ ತಿರುಗಿಸಿದರು, ವಾರಕ್ಕೊಮ್ಮೆ ಬದಲಿಸುವ ಬದಲು ಮೂರು ವಾರಕ್ಕೊಮ್ಮೆ ಮಾಡಿದರು. ಆರೋಗ್ಯವೂ ಸುಧಾರಿಸಿತು, ಕೆಲಸ ಬಿಡುವವರೂ ಕಮ್ಮಿಯಾದರು, ಉತ್ಪಾದನೆಯೂ ಏರಿತು. ಮ್ಯಾನೇಜ್‌ಮೆಂಟ್ ಜೊತೆ ಮಾತಾಡುವಾಗ ಕೊನೆಯದನ್ನು ಮೊದಲು ಹೇಳಿ.

ಬಳ್ಳಾರಿ_ಫಿಟ್ಟರ್:
ಕೇಳಿದ್ದೆವು ಸರ್. ಎಚ್‌ಆರ್ ಹೇಳಿದ್ದು: "ಮುಂದಕ್ಕೆ ತಿರುಗಿಸಿದರೆ ಸಿ ಆದ ಮೇಲೆ ಎ ಬರುತ್ತೆ. ಭಾನುವಾರ ಬೆಳಿಗ್ಗೆ 6ಕ್ಕೆ ಬಿಟ್ಟು ಸೋಮವಾರ ಬೆಳಿಗ್ಗೆ 6ಕ್ಕೆ ಬರ್ತೀರಾ?" ಈಗಿನದರಲ್ಲಿ ಸೋಮವಾರ ಮಧ್ಯಾಹ್ನ 2ಕ್ಕೆ. ಎಲ್ಲರೂ ಸುಮ್ಮನಾದರು.

ಯೂನಿಯನ್_ಕಾಮ್ರೇಡ್:
ಎಚ್‌ಆರ್ ಲೆಕ್ಕ ಸರಿ ಇದೆ, ಅರ್ಧ ಮಾತ್ರ ಹೇಳಿದ್ದಾರೆ. 2025ರ ನವೆಂಬರ್ ತನಕ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆ 1948ರ 57ನೇ ಕಲಂ ನೋಡಿ. ಪಾಳಿ ನಡುರಾತ್ರಿ ದಾಟಿದರೆ, ವಾರದ ರಜೆ ಅಂದರೆ ಆ ಪಾಳಿ ಮುಗಿದ ಹೊತ್ತಿನಿಂದ 24 ಗಂಟೆ. ಅಂದರೆ ನಿಮ್ಮ ಭಾನುವಾರದ ರಜೆ ಬೆಳಿಗ್ಗೆ 6ಕ್ಕೆ ಶುರು, ಅದರಲ್ಲಿ ಅರ್ಧ ನಿದ್ದೆಗೇ ಹೋಯ್ತು. ಕಾನೂನಿನ ಪ್ರಕಾರ ಕೊಟ್ಟ ಹಾಗಾಯ್ತು, ಮೈಗೆ ಸಿಕ್ಕ ಹಾಗಾಗಲಿಲ್ಲ. ಅದಕ್ಕೇ ಎ-ಬಿ-ಸಿ ಕೇಳುವಾಗ ಜೊತೆಗೇ ಸಿ ಆದ ಮೇಲೆ ಎರಡು ದಿನ ರಜೆ ಕೇಳಬೇಕು. ಎರಡೂ ಸೇರಿದರೇ ಉಪಯೋಗ.

ಇನ್ನೊಂದು. ನಿಮ್ಮಲ್ಲಿ ಬಿ ಮುಗಿಸಿದವರನ್ನು ಮರುದಿನ ಎ ಶಿಫ್ಟಿಗೆ ಓಟಿ ಕರೆಯುತ್ತಾರಾ?

ಬಳ್ಳಾರಿ_ಫಿಟ್ಟರ್:
ಕರೀತಾರೆ. ಶನಿವಾರ ರಾತ್ರಿ 10ಕ್ಕೆ ಬಿಟ್ಟು, ಮನೆ ಸೇರಿದಾಗ 11. ಊಟ ಮಾಡಿ ಮಲಗಿದಾಗ 12. ಬೆಳಿಗ್ಗೆ 5.10ಕ್ಕೆ ಬಸ್. ಅಲಾರಾಂ 4.20ಕ್ಕೆ. ಓಟಿಗೆ ಡಬಲ್ ಕೂಲಿ ಅಂತ ಬೇಡ ಅನ್ನೋರು ಕಮ್ಮಿ. ನಾನೂ ಹೋಗ್ತೇನೆ, ಮನೆ ಸಾಲ ಇದೆ.

ಯೂನಿಯನ್_ಕಾಮ್ರೇಡ್:
ಆ ನಾಲ್ಕು ಗಂಟೆ ನಿದ್ದೆಯ ದಿನವೇ ಬೆರಳು ಹೋಗೋದು. ಎರಡು ಪಾಳಿ ನಡುವೆ ಕನಿಷ್ಠ 11 ಗಂಟೆ ಬಿಡುವು ಯುರೋಪಿನಲ್ಲಿ ನಿಯಮ. ನಮ್ಮಲ್ಲಿ 2023ರಲ್ಲಿ ರಾಜ್ಯದ ತಿದ್ದುಪಡಿ ಬಂದು, ವಾರಕ್ಕೆ 48 ಗಂಟೆ ಮಿತಿಯೊಳಗೆ ದಿನಕ್ಕೆ 12 ಗಂಟೆ ತನಕ ದುಡಿಸಲು ದಾರಿಯಾಯಿತು. ಪೀಣ್ಯದ ತಮ್ಮಾ, ನಿನ್ನ 12 ಗಂಟೆ ವಾರಕ್ಕೆ ನಾಲ್ಕು ದಿನವಾ ಆರು ದಿನವಾ?

ಪೀಣ್ಯ_ಸಿಎನ್‌ಸಿ:
ಆರು ದಿನ. ನಾಲ್ಕು ಗಂಟೆ ಓಟಿ ಅಂತ ಹೇಳ್ತಾರೆ. ಪೇ ಸ್ಲಿಪ್‌ನಲ್ಲಿ "ಇನ್ಸೆಂಟಿವ್" ಅಂತ ಇರುತ್ತೆ.

ಯೂನಿಯನ್_ಕಾಮ್ರೇಡ್:
ಪೇ ಸ್ಲಿಪ್ ಎಲ್ಲಾ ಜೋಪಾನವಾಗಿಟ್ಟುಕೋ. ಬೇರೆ ಮಾತಾಡೋಣ.

ಭದ್ರಾವತಿ_ಹಳಬ:
ಅಪ್ಪನನ್ನು ಕೇಳಿದೆ. ಜೊತೆಗೆ ಸೇರಿದವರಲ್ಲಿ ಮೂವರು ಹೊಟ್ಟೆ ಹುಣ್ಣು, ಬಿಪಿ ಅಂತ ಸ್ಟೋರ್ಸಿಗೆ ಹಾಕಿಸಿಕೊಂಡರಂತೆ, ಇಬ್ಬರು ಸರ್ವಿಸ್‌ನಲ್ಲೇ ಹೋದರಂತೆ. ಆದರೂ ಅಪ್ಪ ಹೇಳೋದು, ಆಗ ಕಾರ್ಖಾನೆ ಕ್ವಾರ್ಟರ್ಸ್ ನಡೆದು ಹೋಗುವಷ್ಟು ಹತ್ತಿರ ಇತ್ತು, ಬೀದಿಯಲ್ಲಿ ಎಲ್ಲರೂ ಪಾಳಿಯವರೇ, ಹಗಲು ಗಲಾಟೆ ಮಾಡಿದರೆ ಪಕ್ಕದ ಮನೆಯವರೇ ಮಕ್ಕಳನ್ನು ಗದರಿಸುತ್ತಿದ್ದರು ಅಂತ. ಆದ್ದರಿಂದ ಶಿಫ್ಟ್‌ಗಿಂತ ಊರು ಮುಖ್ಯ ಅಂತ ನನ್ನ ವಾದ.

ತಾಲೂಕು_ಡಾಕ್ಟ್ರು:
ಈ ವಾದಕ್ಕೆ ನನ್ನ ತಕರಾರಿಲ್ಲ.

ಈಗ ಫಿಟ್ಟರ್ ಅವರ ಮಾತ್ರೆ. ಬಿಪಿ ಮಾತ್ರೆ ಬೆಳಿಗ್ಗೆಯೋ ರಾತ್ರಿಯೋ ಅಂತ ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ರೋಗಿಗಳ ಮೇಲೆ ನೋಡಿ 2022ರಲ್ಲಿ ಪ್ರಕಟಿಸಿದರು. ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು, ಸಾವು, ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಶಿಫ್ಟಿನ ಹಿಂದೆ ಮಾತ್ರೆ ಓಡಿಸಬೇಡಿ. ಮೂರೂ ಪಾಳಿಯಲ್ಲಿ ನೀವು ಎಚ್ಚರವಿರುವ ಒಂದು ಹೊತ್ತು ಹುಡುಕಿ. ನಿಮ್ಮ ಚಾರ್ಟ್ ನೋಡಿದರೆ ಸಂಜೆ 5 ಸರಿಹೋಗಬಹುದು: ಎ ಮುಗಿದಿರುತ್ತೆ, ಬಿ ನಡೀತಿರುತ್ತೆ, ಸಿ ವಾರದಲ್ಲಿ ಎದ್ದಿರುತ್ತೀರಿ. ಮೂತ್ರ ಹೆಚ್ಚಿಸುವ ಮಾತ್ರೆಯಾದರೆ ಮಾತ್ರ ಮಲಗುವ ಹೊತ್ತಿಗೆ ಹತ್ತಿರ ಬೇಡ. ಬರೆದುಕೊಟ್ಟ ಡಾಕ್ಟರಿಗೆ ಒಂದು ಫೋನ್ ಮಾಡಿ ಹೇಳಿಯೇ ಬದಲಿಸಿ.

ಚೆಕಪ್ ಬಗ್ಗೆ ನನಗೆ ಸಿಟ್ಟು ಬಂತು, ನಿಮ್ಮ ಮೇಲಲ್ಲ. ರಾತ್ರಿಯೆಲ್ಲ ದುಡಿದು, ಚಹಾ ಕುಡಿದು, ಸಾಲಿನಲ್ಲಿ ನಿಂತು ಕೊಟ್ಟ ಬಿಪಿಯಿಂದ ತೀರ್ಮಾನ ಮಾಡಬಾರದು. ಹಾಗಂತ ಅದನ್ನು ತಳ್ಳಿಹಾಕಲೂಬಾರದು. ಮನೆಯಲ್ಲಿ ಒಂದು ವಾರ ನೋಡಿ: ನಿದ್ದೆಯಿಂದ ಎದ್ದು ಒಂದು ಗಂಟೆಯೊಳಗೆ, ಚಹಾಕ್ಕೆ ಮೊದಲು, ಐದು ನಿಮಿಷ ಕುರ್ಚಿಗೆ ಒರಗಿ ಕೂತು, ಎರಡು ಸಲ. ಮಲಗುವ ಮುಂಚೆ ಮತ್ತೆ ಎರಡು ಸಲ. ಪಕ್ಕದಲ್ಲಿ ಯಾವ ಶಿಫ್ಟ್ ಅಂತ ಬರೆಯಿರಿ. ಮನೆಯ ಸರಾಸರಿ 135/85 ಅಥವಾ ಮೇಲಿದ್ದರೆ ಬಿಪಿ ಇದೆ ಅಂತಲೇ. 24 ಗಂಟೆ ಕಟ್ಟುವ ಮಷಿನ್ ಹಾಕಿದರೆ ನೀವು ನಿಜವಾಗಿ ಮಲಗಿದ ಹೊತ್ತು ಅವರಿಗೆ ಹೇಳಿ. ಇಲ್ಲದಿದ್ದರೆ ಮಷಿನ್ ರಾತ್ರಿ 10ರಿಂದ 6 ನಿದ್ದೆ ಅಂದುಕೊಂಡು ಲೆಕ್ಕ ಹಾಕಿಬಿಡುತ್ತೆ.

ಸಕ್ಕರೆ ಪರೀಕ್ಷೆಯೂ ಹಾಗೇ. ರಾತ್ರಿ 3ಕ್ಕೆ ಬನ್ನು ತಿಂದು ಬೆಳಿಗ್ಗೆ 8ಕ್ಕೆ ಕೊಟ್ಟ ರಕ್ತ "ಖಾಲಿ ಹೊಟ್ಟೆ" ಅಲ್ಲ. ಎಚ್‌ಬಿಎ1ಸಿ ಮಾಡಿಸಿ, ಅದು ಎರಡು-ಮೂರು ತಿಂಗಳ ಸರಾಸರಿ, ಯಾವ ಹೊತ್ತಿಗೆ ಕೊಟ್ಟರೂ ನಡೆಯುತ್ತೆ. ಜೊತೆಗೆ ಕೊಲೆಸ್ಟ್ರಾಲ್, ಕಿಡ್ನಿ ನೋಡಲು ಕ್ರಿಯಾಟಿನಿನ್, ಒಂದು ಇಸಿಜಿ.

ಕೊನೆಗೆ, ಮನೆಯವರನ್ನು ಕೇಳಿ: ಗೊರಕೆ ಇದೆಯಾ? ಗೊರಕೆ ಮಧ್ಯೆ ಉಸಿರು ನಿಂತು ದಡಕ್ಕನೆ ಎಳೆದುಕೊಳ್ಳುತ್ತೀರಾ?

ಬಳ್ಳಾರಿ_ಫಿಟ್ಟರ್:
ಹೆಂಡತಿ ಪಕ್ಕದಲ್ಲೇ ಇದ್ದಾಳೆ, ನಗ್ತಿದ್ದಾಳೆ. ಗೊರಕೆ ಜೋರಂತೆ. ಉಸಿರು ನಿಲ್ಲೋದು ಒಂದೆರಡು ಸಲ ನೋಡಿ ಭಯ ಬಿದ್ದು ಅಲುಗಾಡಿಸಿದ್ದಾಳಂತೆ. ನನಗೆ ಈವರೆಗೆ ಹೇಳಿರಲಿಲ್ಲ.

ತಾಲೂಕು_ಡಾಕ್ಟ್ರು:
ಹಾಗಾದರೆ ನಿದ್ದೆ ಪರೀಕ್ಷೆ ಮಾಡಿಸಲೇಬೇಕು. ಮನೆಯಲ್ಲೇ ಕಟ್ಟಿಕೊಂಡು ಮಲಗುವ ಸಣ್ಣ ಮಷಿನ್ ಸಿಗುತ್ತೆ. ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಇದ್ದರೆ ಅದೂ ಬಿಪಿ ಏರಿಸುತ್ತದೆ. ಶಿಫ್ಟ್ ಸರಿ ಮಾಡಿದರೂ, ಮಾತ್ರೆ ಜಾಸ್ತಿ ಮಾಡಿದರೂ ಅದು ಪೂರ್ತಿ ಹೋಗಲ್ಲ. ಇಎನ್‌ಟಿ ಅಥವಾ ಶ್ವಾಸಕೋಶದ ಡಾಕ್ಟರನ್ನು ನೋಡಿ.

ಮೈಸೂರು_ಮಲ್ಲಿ:
2025ರಲ್ಲಿ ಹಾಸನದ ಸಾಲು ಸಾಲು ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಬಂದಾಗ ಇಲ್ಲಿ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವಕ್ಕೇ ಜನ ನಿಂತಿದ್ದರು. ನಮ್ಮ ಬೀದಿಯ ಅರ್ಧ ಜನ ಹೋಗಿದ್ದರು. ಎದೆನೋವು ಬಂದರೆ ಸೀದಾ ದೊಡ್ಡ ಆಸ್ಪತ್ರೆಗೇ ಓಡಬೇಕಾ?

ತಾಲೂಕು_ಡಾಕ್ಟ್ರು:
ಇಲ್ಲ, ಹತ್ತಿರದ್ದಕ್ಕೆ. ಅದೂ ನೈಟ್ ಶಿಫ್ಟಿನವರು ಮಾಡುವ ಒಂದು ಕೆಲಸ ಇದೆ: ರಾತ್ರಿ ಮೂರಕ್ಕೆ ಎದೆ ಹಿಡಿದರೆ "ಬಜ್ಜಿ ತಿಂದದ್ದು ಗ್ಯಾಸ್ ಆಗಿದೆ" ಅಂತ ಸೋಡಾ ಕುಡಿದು ಶಿಫ್ಟ್ ಮುಗಿಯೋ ತನಕ ಕಾಯೋದು. ಎದೆ ಮಧ್ಯೆ ಒತ್ತಿದ ಹಾಗೆ, ಎಡಗೈಗೋ ದವಡೆಗೋ ಬೆನ್ನಿಗೋ ಹರಿದ ಹಾಗೆ, ತಣ್ಣನೆ ಬೆವರು, ಇವು ಬಂದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸಿ, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ದುಬಾರಿ ಇಂಜೆಕ್ಷನ್ ಅದು. ಬೇಗ ಕೊಟ್ಟಷ್ಟೂ ಹೃದಯದ ಸ್ನಾಯು ಉಳಿಯುತ್ತದೆ. ಕ್ಯಾಬ್ ಹುಡುಗಾ, ನಿನ್ನ ಶುಕ್ರವಾರದ ಎದೆ ಉರಿಯನ್ನೂ ಒಮ್ಮೆ ತೋರಿಸು. ಬಿರಿಯಾನಿಯೇ ಇರಬಹುದು, ಇಸಿಜಿಗೆ ಐದು ನಿಮಿಷ ಸಾಕು.

ಹೊಸೂರ್_ರೋಡ್_ಕ್ಯಾಬ್:
ಸರಿ ಡಾಕ್ಟ್ರೇ. ಶನಿವಾರ ಹೋಗ್ತೀನಿ. ಹೊಸಕೋಟೆ ಈ ವಾರ ಕ್ಯಾನ್ಸಲ್.

ಯೂನಿಯನ್_ಕಾಮ್ರೇಡ್:
ಫಿಟ್ಟರ್ ಅಣ್ಣ, ನಿಮ್ಮ ರೋಸ್ಟರ್ ಮೂರು ತಿಂಗಳದ್ದು ಇಲ್ಲಿ ಹಾಕಿ, ಹೆಸರು, ಕಂಪನಿ ಎಲ್ಲ ಅಳಿಸಿ. ಸಿ ಆದ ಮೇಲೆ ಎರಡು ರಜೆ ಬರುವ ಹಾಗೆ ನಾಲ್ಕು ಬ್ಯಾಚಿನ ಚಾರ್ಟ್ ಮಾಡಿ ಕೊಡ್ತೇನೆ. ತಲೆ ಎಣಿಕೆ ಹೊಂದುತ್ತಾ ನೋಡೋಣ.

ಬಳ್ಳಾರಿ_ಫಿಟ್ಟರ್:
ಭಾನುವಾರ ಹಾಕ್ತೇನೆ ಸರ್. ಬಿಪಿ ಮಷಿನ್ ಕೈಗೆ ವಾಚಿನ ಥರ ಕಟ್ಟೋದು ಬರುತ್ತಲ್ಲ, ಅದು ಸಾಕಾ ಡಾಕ್ಟ್ರೇ?

ತಾಲೂಕು_ಡಾಕ್ಟ್ರು:
ಬೇಡ. ರಟ್ಟೆಗೆ ಕಟ್ಟುವುದೇ ತಗೊಳ್ಳಿ. ನಿಮ್ಮದು ಫಿಟ್ಟರ್ ರಟ್ಟೆ, ದಪ್ಪ ಇರುತ್ತೆ. ಪಟ್ಟಿಯ ಮೇಲೆ ಎಷ್ಟು ಸೆಂಟಿಮೀಟರ್ ತನಕ ಅಂತ ಬರೆದಿರುತ್ತದೆ, ಅಳೆದುಕೊಂಡು ಹೋಗಿ ಖರೀದಿಸಿ. ಪಟ್ಟಿ ಚಿಕ್ಕದಾದರೆ ಬಿಪಿ ಇಲ್ಲದಿದ್ದರೂ ಜಾಸ್ತಿ ತೋರಿಸುತ್ತೆ.